ಬೂಟ್ ಎಸ್‌ಎಸ್‌ಡಿಯ ಸ್ಥಳಾಂತರ: ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯನ್ನು ತನ್ನಲ್ಲಿ ಧರಿಸಿ, ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದನ್ನು ಕೆಲಸಕ್ಕೆ ಅಣಿಗೊಳಿಸುವ ಎಸ್‌ಎಸ್‌ಡಿಯನ್ನು, ಅದರೊಳಗಿನ ಕಡತ, ತಂತ್ರಾಂಶ, ಫಾಂಟುಗಳ ಸಮೇತ ಇಡಿಯಾಗಿ ಬಿಚ್ಚಿ ತೆಗೆದು, ಡೆಸ್ಕ್‌ಟಾಪ್ ಗಣಕವೊಂದಕ್ಕೆ ಜೋಡಿಸಿ, ಮರಳಿ ಏನನ್ನೂ ಇನ್‌ಸ್ಟಾಲ್ ಮಾಡದೆ ಅಲ್ಲಿಯೂ ಅದರಿಂದಲೇ ಗಣಕವನ್ನು ನಡೆಸುವ ಕ್ರಮ. ನೋಡುವುದಕ್ಕೆ ಇದು ಒಂದು ಸ್ಕ್ರೂ ಸಡಿಲಿಸಿ ಇನ್ನೊಂದನ್ನು ಬಿಗಿಯುವಷ್ಟು ಸುಲಭವಾದ ಕಾರ್ಯ; ಆದರೆ ಬಳಕೆದಾರನ ಸಮಸ್ತ ಕಡತಗಳೂ ಎಸ್‌ಎಸ್‌ಡಿಯೊಳಗೇ ಇದ್ದರೂ, ಗಣಕವು ಏಳುವುದಕ್ಕೂ ತೆರೆದುಕೊಳ್ಳುವುದಕ್ಕೂ ಅಧಿಕೃತವಾಗಿ ನಡೆಯುವುದಕ್ಕೂ ಬೇಕಾದ ಮೂರು ಸಂಗತಿಗಳು, ಎಂದರೆ ಬೂಟ್ ನಮೂದು, ಗೂಢೀಕರಣದ ಕೀಲಿ ಮತ್ತು ಪರವಾನಗಿಯ ಗುರುತು, ಹಳೆಯ ಯಂತ್ರದ ಮದರ್‌ಬೋರ್ಡಿನಲ್ಲಿಯೇ ಉಳಿದುಬಿಡುವುದರಿಂದ, ಯಾವುದು ಎಸ್‌ಎಸ್‌ಡಿಯೊಡನೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ವಿವೇಚನೆಯೇ ಈ ಕಾರ್ಯದ ತಿರುಳು.

ಉಡುಪಿ ಪ್ರದೇಶದಲ್ಲಿ ಇದರ ಪ್ರಸಕ್ತಿ: 1997ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಉಡುಪಿಯು ವಿದ್ಯಾಸಂಸ್ಥೆಗಳ ನಿಬಿಡತೆಯಿಂದ ಹೆಸರಾದುದು. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುವು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ತಾಂತ್ರಿಕ ವಿದ್ಯಾಲಯವೊಂದು ತಲೆಯೆತ್ತಿತು. ಕಾಪು ಸೀಮೆಯ ಬಂಟಕಲ್ಲಿನಲ್ಲಿಯೂ ಅಂಥ ಕಾಲೇಜು ಉಂಟು. ದಿನಪತ್ರಿಕೆ ‘ಉದಯವಾಣಿ’ 1970ರಲ್ಲಿ ಮಣಿಪಾಲದಿಂದಲೇ ಹೊರಟಿತು; ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆ 1996ರಲ್ಲಿ ಉಡುಪಿಯಲ್ಲಿಯೇ ಆರಂಭವಾಯಿತು. ಹೀಗೆ ವಿದ್ಯಾಭ್ಯಾಸ, ಮುದ್ರಣ, ತಂತ್ರಾಂಶ ಈ ಮೂರೂ ಒಂದೆಡೆ ನೆಲೆಗೊಂಡ ಊರುಗಳಲ್ಲಿ, ನಾಲ್ಕು ವರ್ಷ ಹಾಸ್ಟೆಲಿನ ಮೇಜಿನ ಮೇಲೆ ದುಡಿದ ಲ್ಯಾಪ್‌ಟಾಪಿನ ಹಿಂಜು ಮುರಿದಾಗ, ಕೀಲಿಮಣೆಯೊಳಗೆ ನೀರಿಳಿದಾಗ, ಬ್ಯಾಟರಿ ಉಬ್ಬಿದಾಗ, ಒಳಗಿನ ಎಸ್‌ಎಸ್‌ಡಿ ಮಾತ್ರ ಅಕ್ಷತವಾಗಿ ಉಳಿದಿರುವುದು ಸಾಮಾನ್ಯ. ಅಂಥ ಸಂದರ್ಭದಲ್ಲಿ ಅದನ್ನು ಮನೆಯ ಅಥವಾ ಅಂಗಡಿಯ ಡೆಸ್ಕ್‌ಟಾಪಿಗೆ ಹಾಕಿಕೊಳ್ಳುವುದು ಮಿತವ್ಯಯವೂ ಹೌದು, ವರ್ಷಗಳ ಕೆಲಸವನ್ನು ಕೈತಪ್ಪದಂತೆ ಉಳಿಸಿಕೊಳ್ಳುವ ದಾರಿಯೂ ಹೌದು.

ಚರಿತ್ರೆ: ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊತ್ತಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದುವು, ಅದನ್ನು ಬಿಚ್ಚಿ ಬೇರೆಡೆಗೆ ಒಯ್ಯುವ ಮಾತೇ ಇರಲಿಲ್ಲ. ತಿರುಗುವ ತಟ್ಟೆಯಾಗಲಿ ಚಲಿಸುವ ಭಾಗವಾಗಲಿ ಇಲ್ಲದೆ, ಅರೆವಾಹಕದ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದು ಮಾಹಿತಿಯನ್ನು ಉಳಿಸುವ ನ್ಯಾಂಡ್ ಫ್ಲ್ಯಾಶ್ ಸ್ಮೃತಿಯನ್ನು ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುಓಕ ಅವರು 1987ರಲ್ಲಿ ಲೋಕದ ಮುಂದಿಟ್ಟರು. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದ ಸಂಸ್ಥೆ 1991ರಲ್ಲಿ ಫ್ಲ್ಯಾಶ್ ಸ್ಮೃತಿಯ ತತ್ತ್ವದ ಮೇಲೆ ರಚಿಸಿ ಮಾರಿದ ಎಸ್‌ಎಸ್‌ಡಿಯ ಧಾರಣಶಕ್ತಿ ಕೇವಲ 20 ಮೆಗಾಬೈಟ್. ಎನ್‌ವಿಎಂಇ ಎಂಬ ವೇಗದ ಸಂವಹನ ಕ್ರಮ 2011ರಲ್ಲಿಯೂ, ಎಂ.2 ಎಂಬ ತೆಳುಪಟ್ಟಿಯ ಆಕಾರ 2013ರಲ್ಲಿಯೂ ನಿಗದಿಗೊಂಡ ಮೇಲೆ, ಸಹಸ್ರಾರು ಪುಟಗಳನ್ನೂ ಛಾಯಾಚಿತ್ರಗಳನ್ನೂ ಹಿಡಿದಿಡುವ ಇಡೀ ಭಂಡಾರವು ಬೆರಳಿನಷ್ಟು ಅಗಲದ ಹಲಗೆಯಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂಚರಿಸಬಲ್ಲುದಾಯಿತು.

ಪ್ರಭೇದಗಳು: ಸ್ಥಳಾಂತರಕ್ಕೆ ತೊಡಗುವ ಮುನ್ನ ಎಸ್‌ಎಸ್‌ಡಿ ಯಾವ ಬಗೆಯದೆಂದು ತಿಳಿಯತಕ್ಕದ್ದು. ಹಳೆಯ ಲ್ಯಾಪ್‌ಟಾಪುಗಳಲ್ಲಿರುವುದು ಎರಡೂವರೆ ಅಂಗುಲದ, ಬಹುಮಟ್ಟಿಗೆ 7 ಮಿಲಿಮೀಟರ್ ದಪ್ಪದ ಸ್ಯಾಟಾ ಎಸ್‌ಎಸ್‌ಡಿ. ಇದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗಳನ್ನು ಮೀರದು, ಆದರೆ ಸ್ಯಾಟಾ ಕೇಬಲ್ ಉಳ್ಳ ಯಾವ ಡೆಸ್ಕ್‌ಟಾಪಿಗಾದರೂ ಇದು ಹೊಂದುತ್ತದೆ. ಎಂ.2 ಆಕಾರದವು ಎರಡು ತೆರ: ಸ್ಯಾಟಾ ಕ್ರಮದಲ್ಲಿಯೇ ನಡೆಯುವವು ಒಂದು, ಪಿಸಿಐಇ ಮಾರ್ಗವಾಗಿ ಎನ್‌ವಿಎಂಇ ಕ್ರಮದಲ್ಲಿ ನಡೆಯುವವು ಇನ್ನೊಂದು. ಎರಡಕ್ಕೂ ಹೊರರೂಪ ಒಂದೇ ಆಗಿ ಕಂಡರೂ, ಮದರ್‌ಬೋರ್ಡಿನ ಎಂ.2 ಸ್ಲಾಟು ಎರಡನ್ನೂ ಒಪ್ಪುತ್ತದೆಂಬ ನಿಯಮವಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟನ್ನು ಬಳಸಿದೊಡನೆ ಒಂದೆರಡು ಸ್ಯಾಟಾ ಪೋರ್ಟುಗಳು ನಿಷ್ಕ್ರಿಯವಾಗುವುದೂ ಉಂಟು. ಎಂ.2 ಸ್ಲಾಟೇ ಇಲ್ಲದ ಹಳೆಯ ಡೆಸ್ಕ್‌ಟಾಪಿಗೆ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಜೋಡಿಸಬಹುದಾದರೂ, ಗಣಕವನ್ನು ಎಬ್ಬಿಸುವ ಆ ಕಾಲದ ಬೋರ್ಡಿನ ತಂತ್ರಾಂಶವಾದ ಬಯೋಸ್ ಅದರಿಂದ ಬೂಟ್ ಆಗಲು ಒಪ್ಪದಿರಬಹುದು. ಕೊನೆಯದಾಗಿ, ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿಯೂ ಆಪಲ್ ಸಂಸ್ಥೆಯ ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿಯೂ ಸಂಗ್ರಹದ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಇವುಗಳ ವಿಷಯದಲ್ಲಿ ಸ್ಥಳಾಂತರ ಅಸಾಧ್ಯ, ಕಡತಗಳ ನಕಲು ಒಂದೇ ಮಾರ್ಗ.

ಒಳರಚನೆ: ಈಚಿನ ಎಸ್‌ಎಸ್‌ಡಿಗಳನ್ನು ಜಿಪಿಟಿ ಎಂಬ ಕ್ರಮದಲ್ಲಿ ವಿಭಾಗಿಸಿರುತ್ತಾರೆ. ಅದರ ಆದಿಯಲ್ಲಿ ಸಾಧಾರಣವಾಗಿ 100ರಿಂದ 260 ಮೆಗಾಬೈಟ್‌ಗಳಷ್ಟಿರುವ ಇಎಫ್‌ಐ ವಿಭಾಗವು, ಬಳಕೆದಾರನ ಕಣ್ಣಿಗೆ ಬೀಳದೆ, ಬೂಟ್ ಲೋಡರ್ ಎಂಬ ಪ್ರಾರಂಭಿಕ ತಂತ್ರಾಂಶವನ್ನು ಹೊಂದಿರುತ್ತದೆ; ಅನಂತರದ ವಿಶಾಲ ವಿಭಾಗದಲ್ಲಿ ವಿಂಡೋಸ್ ಮತ್ತು ಕಡತಗಳು, ಕೊನೆಯಲ್ಲಿ ದುರಸ್ತಿಯ ವಿಭಾಗ. ಇದಕ್ಕಿಂತ ಹಿಂದಿನ ಎಂಬಿಆರ್ ಕ್ರಮವು ನಾಲ್ಕು ಪ್ರಧಾನ ವಿಭಾಗಗಳಿಗೂ 2 ಟೆರಾಬೈಟ್‌ಗಳಿಗೂ ಸೀಮಿತವಾದುದು. ಎಂಬಿಆರ್ ಕ್ರಮದ ಎಸ್‌ಎಸ್‌ಡಿಯನ್ನು ಹಳೆಯ ಬಯೋಸಿನ ರೀತಿಯನ್ನು ಸಂಪೂರ್ಣವಾಗಿ ಕೈಬಿಟ್ಟ ಹೊಸ ಮದರ್‌ಬೋರ್ಡಿಗೆ ಹಾಕಿದರೆ ಅದು ಬೂಟ್ ಆಗುವುದಿಲ್ಲ. ಅಂಥ ಪ್ರಸಂಗದಲ್ಲಿ, ವಿಂಡೋಸ್ 10ರ 1703ನೆಯ ಆವೃತ್ತಿಯಿಂದೀಚೆಗೆ ಜೊತೆಯಲ್ಲಿಯೇ ಬರುವ ಪರಿವರ್ತಕ ಸಾಧನದಿಂದ, ಕಡತಗಳಿಗೆ ಬಾಧೆಯಿಲ್ಲದಂತೆ ಎಂಬಿಆರನ್ನು ಜಿಪಿಟಿಯಾಗಿ ಮಾರ್ಪಡಿಸಿಕೊಳ್ಳಬಹುದು.

ಹಿಂದೆ ಉಳಿಯುವ ಮೂರು: ಮೊದಲನೆಯದು ಬೂಟ್ ನಮೂದು. ಯಾವ ಎಸ್‌ಎಸ್‌ಡಿಯ ಯಾವ ಕಡತದಿಂದ ಏಳಬೇಕೆಂಬ ಟಿಪ್ಪಣಿಯನ್ನು, ಹಳೆಯ ಬಯೋಸಿನ ಸ್ಥಾನಕ್ಕೆ ಬಂದ ಯುಇಎಫ್‌ಐ ತನ್ನ ಬೋರ್ಡಿನ ಶಾಶ್ವತ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಹೊಸ ಬೋರ್ಡಿಗೆ ಆ ಟಿಪ್ಪಣಿ ಇರುವುದಿಲ್ಲ. ಆದರೂ ಇಎಫ್‌ಐ ವಿಭಾಗದ ರೂಢಿಗತ ಸ್ಥಾನದಲ್ಲಿ ಬೂಟ್ ಲೋಡರಿನ ಒಂದು ಪ್ರತಿ ಇರುವುದರಿಂದ ಬಹುತೇಕ ಬೋರ್ಡುಗಳು ಅದನ್ನು ತಾವೇ ಹುಡುಕಿಕೊಳ್ಳುತ್ತವೆ. ಎರಡನೆಯದು ಗೂಢೀಕರಣದ ಕೀಲಿ. ವಿಂಡೋಸಿನ ಬಿಟ್‌ಲಾಕರ್ ವ್ಯವಸ್ಥೆ ಎಸ್‌ಎಸ್‌ಡಿಯ ಸಮಸ್ತ ಮಾಹಿತಿಯನ್ನೂ ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಬೋರ್ಡಿನ ಟಿಪಿಎಂ ಚಿಪ್ಪಿನ ವಶದಲ್ಲಿಟ್ಟಿರುತ್ತದೆ. ಬಳಕೆದಾರನು ತಾನಾಗಿ ಎಂದೂ ಕೋರದಿದ್ದರೂ ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಗೂಢೀಕರಣ ತಾನಾಗಿಯೇ ಆಗಿರುತ್ತದೆ. ಎಸ್‌ಎಸ್‌ಡಿ ಬೇರೆ ಬೋರ್ಡಿಗೆ ಹೋದೊಡನೆ ನೀಲಿ ತೆರೆಯೊಂದು ಮೂಡಿ 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ. ಆ ಅಂಕಿಗಳು ಕೈಯಲ್ಲಿಲ್ಲದವನಿಗೆ ಯಾವ ಅಂಗಡಿಯವನೂ ಯಾವ ತಜ್ಞನೂ ನೆರವಾಗಲಾರ; ಕಡತಗಳು ಕಣ್ಣೆದುರಿನಲ್ಲಿದ್ದೂ ಶಾಶ್ವತವಾಗಿ ಕಳೆದಂತೆಯೇ ಸರಿ. ಮೂರನೆಯದು ಪರವಾನಗಿ. ಲ್ಯಾಪ್‌ಟಾಪಿನೊಡನೆ ಬಂದ ವಿಂಡೋಸಿನ ಪರವಾನಗಿ ಆ ಯಂತ್ರಕ್ಕೇ ಮೀಸಲಾದುದು. ವಿಂಡೋಸ್ 8ರ ಕಾಲದಿಂದ ಅದರ ಪ್ರಾಡಕ್ಟ್ ಕೀ ಬೋರ್ಡಿನ ಫರ್ಮ್‌ವೇರಿನಲ್ಲಿಯೇ ಅಡಕವಾಗಿರುತ್ತದೆ. ಪ್ರತ್ಯೇಕವಾಗಿ ಕೊಂಡ ರೀಟೇಲ್ ಪರವಾನಗಿಯನ್ನಾದರೆ ಹಳೆಯ ಯಂತ್ರದಲ್ಲಿ ಬಳಸುವುದನ್ನು ನಿಲ್ಲಿಸಿ ಹೊಸದಕ್ಕೆ ವರ್ಗಾಯಿಸಬಹುದು. ಇಲ್ಲವಾದಲ್ಲಿ ಡೆಸ್ಕ್‌ಟಾಪಿಗೆ ಬೇರೆ ಪರವಾನಗಿ ಪಡೆಯುವುದು ನ್ಯಾಯ.

ಪೂರ್ವಸಿದ್ಧತೆ: ಪ್ರಥಮ ಕರ್ತವ್ಯ ಬ್ಯಾಕಪ್. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತವನ್ನು ಎಷ್ಟೋ ವೇಳೆ ಮರಳಿ ಎತ್ತಬಹುದಾಗಿತ್ತು. ಎಸ್‌ಎಸ್‌ಡಿಯಾದರೋ ಟ್ರಿಮ್ ಎಂಬ ಆಜ್ಞೆಯ ಮೇರೆಗೆ ಅಳಿಸಿದ ಜಾಗವನ್ನು ಒಳಗೊಳಗೇ ತೆರವು ಮಾಡಿಕೊಳ್ಳುವುದರಿಂದ, ಕೈತಪ್ಪಿದುದು ಬಹುಮಟ್ಟಿಗೆ ತಪ್ಪಿದಂತೆಯೇ. ಲ್ಯಾಪ್‌ಟಾಪು ಇನ್ನೂ ಜೀವಂತವಾಗಿರುವಾಗಲೇ ಬಿಟ್‌ಲಾಕರನ್ನು ನಿಲ್ಲಿಸಿ ಗೂಢಲಿಪಿಯನ್ನು ಸಂಪೂರ್ಣ ಬಿಡಿಸಿಕೊಳ್ಳುವುದು, ಅಥವಾ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಎರಡನೆಯ ಕರ್ತವ್ಯ. ಯಂತ್ರ ಸತ್ತುಹೋಗಿದ್ದರೆ, ಬಳಕೆದಾರನ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿದೆಯೇ ಎಂದು ಮೊಬೈಲಿನಲ್ಲಿಯೇ ನೋಡಿಕೊಳ್ಳಬಹುದು. ದಿನನಿತ್ಯ ನಾಲ್ಕಂಕಿಯ ಪಿನ್ ಒತ್ತಿ ಒಳಹೊಗುವವರು ತಮ್ಮ ಖಾತೆಯ ನಿಜವಾದ ಪಾಸ್‌ವರ್ಡನ್ನು ನೆನಪಿಗೆ ತಂದುಕೊಳ್ಳಬೇಕು. ಏಕೆಂದರೆ ಪಿನ್ ಕೂಡ ಆ ಬೋರ್ಡಿನ ಟಿಪಿಎಂಗೆ ಬದ್ಧವಾದುದರಿಂದ ಹೊಸ ಯಂತ್ರದಲ್ಲಿ ನಡೆಯದು. ಡೆಸ್ಕ್‌ಟಾಪಿನ ಲ್ಯಾನ್ ಅಥವಾ ವೈಫೈ ಡ್ರೈವರನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಳಿಸಿಟ್ಟುಕೊಂಡರೆ, ಇಂಟರ್‌ನೆಟ್ಟಿಲ್ಲದೆ ಡ್ರೈವರಿಲ್ಲ, ಡ್ರೈವರಿಲ್ಲದೆ ಇಂಟರ್‌ನೆಟ್ಟಿಲ್ಲ ಎಂಬ ಸಂಕಷ್ಟ ತಪ್ಪುತ್ತದೆ. ಕಡೆಯದಾಗಿ, ಯಂತ್ರವನ್ನು ನಿದ್ರಾವಸ್ಥೆಯಲ್ಲಿಯೋ ಫಾಸ್ಟ್ ಸ್ಟಾರ್ಟಪ್ಪಿನ ಅರ್ಧನಿದ್ರೆಯಲ್ಲಿಯೋ ಬಿಡದೆ, ಶಿಫ್ಟ್ ಕೀಲಿ ಒತ್ತಿಕೊಂಡು ಪೂರ್ಣವಾಗಿ ಶಟ್‌ಡೌನ್ ಮಾಡತಕ್ಕದ್ದು.

ಜೋಡಣೆ: ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ, ಬೆನ್ನಿನ ಮುಚ್ಚಳ ತೆರೆದೊಡನೆ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿ, ಬಳಿಕ ಎಸ್‌ಎಸ್‌ಡಿಗೆ ಕೈಹಾಕುವುದು ಕ್ರಮ. ಸರ್ವೇಸಾಮಾನ್ಯವಾದ ಎಂ.2 ಎಸ್‌ಎಸ್‌ಡಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಹಸುರು ಅಥವಾ ಕಪ್ಪು ಹಲಗೆ. ಒಂದು ತುದಿಯಲ್ಲಿ ಚಿನ್ನದ ಲೇಪವುಳ್ಳ ಸಂಪರ್ಕಗಳು, ಅವುಗಳ ನಡುವೆ ಒಂದು ಕಚ್ಚು. ಇನ್ನೊಂದು ತುದಿಯಲ್ಲಿ ಅರ್ಧಚಂದ್ರಾಕಾರದ ಒಂದು ತೋಡು, ಆ ತೋಡಿನಲ್ಲಿ ಒಂದೇ ಒಂದು ಕಿರಿದಾದ ಸ್ಕ್ರೂ. ಸ್ಕ್ರೂ ತೆಗೆದೊಡನೆ ಹಲಗೆ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅಂಚುಗಳನ್ನು ಮಾತ್ರ ಹಿಡಿದು, ಅದು ಎದ್ದ ಓರೆಯಲ್ಲಿಯೇ ಹೊರಗೆಳೆಯಬೇಕು. ಡೆಸ್ಕ್‌ಟಾಪಿನ ಬೋರ್ಡಿನಲ್ಲಿಯೂ ಕಚ್ಚಿಗೆ ಕಚ್ಚು ಹೊಂದಿಸಿ, ಓರೆಯಾಗಿಯೇ ಒಳಸೇರಿಸಿ, ಮೆಲ್ಲನೆ ಒತ್ತಿ ಮಲಗಿಸಿ, 80 ಮಿಲಿಮೀಟರಿನ ಗುರುತಿನಲ್ಲಿರುವ ಕಂಬಕ್ಕೆ ಸ್ಕ್ರೂ ಬಿಗಿಯಬೇಕು. ಬೋರ್ಡಿನೊಡನೆ ಬಂದ ಹೀಟ್‌ಸಿಂಕ್ ಇದ್ದರೆ ಅದರ ಒಳಮೈಯ ಮೆತ್ತೆಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಸುಲಿದೇ ಕೂರಿಸಬೇಕು. ಅದನ್ನು ಮರೆತರೆ ತಣಿಸಬೇಕಾದ ಲೋಹವೇ ಶಾಖವನ್ನು ತಡೆಯುತ್ತದೆ. ಎರಡೂವರೆ ಅಂಗುಲದ ಎಸ್‌ಎಸ್‌ಡಿಗೆ ಒಂದು ಸ್ಯಾಟಾ ಕೇಬಲೂ ಎಸ್‌ಎಂಪಿಎಸ್‌ನಿಂದ ಬರುವ ಪವರ್ ಕೇಬಲೂ ಸಾಕು. ಚಲಿಸುವ ಭಾಗಗಳಿಲ್ಲವಾದುದರಿಂದ ಅದನ್ನು ಕ್ಯಾಬಿನೆಟ್ಟಿನಲ್ಲಿ ಹೇಗೆ ನಿಲ್ಲಿಸಿದರೂ ದೋಷವಿಲ್ಲ.

ಮೊದಲ ಬೂಟ್: ಡೆಸ್ಕ್‌ಟಾಪಿನ ಬಯೋಸನ್ನು ತೆರೆದು, ಎಸ್‌ಎಸ್‌ಡಿ ಕಾಣಿಸುತ್ತದೆಯೇ ಎಂದು ಮೊದಲು ನೋಡಿ, ಬೂಟ್ ಆಗುವ ಅನುಕ್ರಮದಲ್ಲಿ ಅದನ್ನು ಅಗ್ರಸ್ಥಾನಕ್ಕೆ ತರಬೇಕು. ಹಳೆಯ ಹಾರ್ಡ್ ಡಿಸ್ಕೊಂದು ತನ್ನದೇ ವಿಂಡೋಸಿನೊಡನೆ ಆ ಗಣಕದಲ್ಲಿದ್ದರೆ, ಗೊಂದಲವಾಗದಂತೆ ಮೊದಲ ಬಾರಿಗೆ ಅದರ ಕೇಬಲನ್ನು ಕಳಚಿಡುವುದು ಲೇಸು. ವಿಂಡೋಸ್ 10 ಮತ್ತು 11 ಹೊಸ ಯಂತ್ರಾಂಶವನ್ನು ಗುರುತಿಸಿ, ಸಾಧನಗಳನ್ನು ಸಿದ್ಧಪಡಿಸುತ್ತಿರುವುದಾಗಿ ತೆರೆಯ ಮೇಲೆ ತಿಳಿಸಿ, ಒಂದೆರಡು ಬಾರಿ ತಾವಾಗಿ ರೀಸ್ಟಾರ್ಟ್ ಆಗಿ, ಬಹುಪಾಲು ಪ್ರಸಂಗಗಳಲ್ಲಿ ಹಿಂದಿನ ಡೆಸ್ಕ್‌ಟಾಪ್ ಚಿತ್ರವನ್ನೇ ಮುಂದಿಡುತ್ತವೆ. ಇಂಟೆಲ್ ಲ್ಯಾಪ್‌ಟಾಪಿನಿಂದ ಎಎಂಡಿ ಡೆಸ್ಕ್‌ಟಾಪಿಗೆ ಹೋದರೂ ಇದೇ ರೀತಿ. ವಿಂಡೋಸ್ ಎಕ್ಸ್‌ಪಿ ಮತ್ತು 7ರ ಕಾಲದಲ್ಲಿ ಮಾತ್ರ ಇಂಥ ವರ್ಗಾವಣೆ ನೀಲಿ ತೆರೆಯಲ್ಲಿ ಮುಗಿಯುವುದೇ ಹೆಚ್ಚು.

ಬೂಟ್ ಮಾಡತಕ್ಕ ಸಾಧನವನ್ನು ತಲುಪಲಾಗದೆಂದು ತಿಳಿಸುವ ನೀಲಿ ತೆರೆ ಇಂದಿಗೂ ಬರುವುದಾದರೆ, ಅದರ ಕಾರಣ ಪ್ರಾಯಶಃ ಸಂಗ್ರಹ ನಿಯಂತ್ರಕದ ವ್ಯತ್ಯಾಸ. ಲ್ಯಾಪ್‌ಟಾಪಿನಲ್ಲಿ ಇಂಟೆಲ್ಲಿನ ಆರ್‌ಎಸ್‌ಟಿ ಅಥವಾ ವಿಎಂಡಿ ಕ್ರಮ ಚಾಲ್ತಿಯಲ್ಲಿದ್ದು, ಡೆಸ್ಕ್‌ಟಾಪಿನಲ್ಲಿ ಎಎಚ್‌ಸಿಐ ಅಥವಾ ನೇರ ಎನ್‌ವಿಎಂಇ ಕ್ರಮ ಇದ್ದಾಗ, ವಿಂಡೋಸ್ ತಾನು ನಿಂತ ನೆಲವನ್ನೇ ಗುರುತಿಸಲಾರದೆ ನಿಲ್ಲುತ್ತದೆ. ದುರಸ್ತಿಯ ಪರಿಸರದ ಮೂಲಕ ಒಮ್ಮೆ ಸೇಫ್ ಮೋಡಿನಲ್ಲಿ ಏಳಿಸಿದರೆ, ಆ ಸ್ಥಿತಿಯಲ್ಲಿ ವಿಂಡೋಸ್ ಮೂಲಭೂತ ಸಂಗ್ರಹ ಡ್ರೈವರುಗಳನ್ನೆಲ್ಲ ಹೇರಿಕೊಳ್ಳುವುದರಿಂದ, ಮರುಸಲ ಸಹಜವಾಗಿಯೇ ಏಳುವುದುಂಟು. ಗಣಕ ನೆಲೆಗೊಂಡ ಮೇಲೆ ಡೆಸ್ಕ್‌ಟಾಪಿನ ಚಿಪ್‌ಸೆಟ್, ಗ್ರಾಫಿಕ್ಸ್, ಧ್ವನಿ, ಲ್ಯಾನ್ ಡ್ರೈವರುಗಳನ್ನು ಹಾಕಿ, ಲ್ಯಾಪ್‌ಟಾಪ್ ತಯಾರಕನ ಬ್ಯಾಟರಿ, ಟಚ್‌ಪ್ಯಾಡ್, ಫ್ಯಾನ್ ಮುಂತಾದವುಗಳ ನಿರ್ವಹಣೆಯ ತಂತ್ರಾಂಶಗಳನ್ನು ತೆಗೆದುಹಾಕುವುದು ಯುಕ್ತ.

ಲಿನಕ್ಸ್: ಅನೇಕಾನೇಕ ಯಂತ್ರಾಂಶಗಳ ಡ್ರೈವರುಗಳನ್ನು ತನ್ನ ತಿರುಳಿನಲ್ಲಿಯೇ ಹೊತ್ತಿರುವ ಲಿನಕ್ಸ್, ಈ ಪ್ರಯಾಣವನ್ನು ವಿಂಡೋಸಿಗಿಂತ ನಿರಾಯಾಸವಾಗಿ ಪೂರೈಸುತ್ತದೆ, ವಿಭಾಗಗಳನ್ನು ಪೋರ್ಟಿನ ಹೆಸರಿನಿಂದಲ್ಲದೆ ಅವುಗಳ ಸ್ವಂತ ಗುರುತಿನ ಸಂಖ್ಯೆಯಿಂದ ಅದು ಹುಡುಕುವುದೇ ಇದಕ್ಕೊಂದು ಮುಖ್ಯ ಕಾರಣ. ಪರವಾನಗಿಯ ತೊಡಕಂತೂ ಇಲ್ಲವೇ ಇಲ್ಲ. ನೆಟ್‌ವರ್ಕ್ ಸಂಪರ್ಕದ ಹೆಸರು ಬದಲಾಗುವುದು, ಎನ್‌ವಿಡಿಯ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಡ್ರೈವರ್ ಬೇಕಾಗುವುದು, ಹೊಸ ಬೋರ್ಡಿನಲ್ಲಿ ಬೂಟ್ ನಮೂದನ್ನು ಮತ್ತೆ ಬರೆಯಬೇಕಾಗುವುದು ಇಷ್ಟೇ ಸಾಮಾನ್ಯ ತೊಂದರೆಗಳು.

ಕನ್ನಡದ ಬರಹ ಮತ್ತು ಸ್ಥಳಾಂತರ: ಬೂಟ್ ಎಸ್‌ಎಸ್‌ಡಿಯನ್ನು ಇಡಿಯಾಗಿ ಒಯ್ಯುವುದರ ಒಂದು ವಿಶೇಷ ಪ್ರಯೋಜನ ಕನ್ನಡದ ಲೇಖಕರಿಗೂ ಡಿಟಿಪಿ ಕೆಲಸದವರಿಗೂ ಸಂಬಂಧಿಸಿದುದು. ಕನ್ನಡ ಲಿಪಿ 1991ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆದಿತ್ತಾದರೂ, ಬಹುಕಾಲ ಅಚ್ಚಿನ ಕೆಲಸ ನಡೆದದ್ದು ರೋಮನ್ ಅಕ್ಷರಗಳ ಸಂಕೇತಸ್ಥಾನಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟುಗಳಲ್ಲಿ. ಅಂಥದೊಂದಾದ ‘ನುಡಿ’ ಎಂಬ ಹಳೆಯ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ, ಕನ್ನಡ ಎಂಬ ಪದವೇ ರೋಮನ್ ಪಿ, ಅದರ ಮಗ್ಗುಲಿಗೆ ತಲೆಯ ಮೇಲೆ ಗೆರೆಯುಳ್ಳ ಎ, ಅದರ ಮುಂದೆ ಬ್ರಿಟಿಷ್ ಪೌಂಡಿನ ಚಿಹ್ನೆ ಎಂಬಂತೆ ಅರ್ಥಹೀನ ಸಾಲಾಗಿ ಕಾಣಿಸುತ್ತದೆ. ಕಡತಗಳನ್ನಷ್ಟೇ ಪೆನ್‌ಡ್ರೈವಿನಲ್ಲಿ ಒಯ್ದವರಿಗೆ ಎದುರಾಗುವ ಈ ಗೋಜಲು, ಎಸ್‌ಎಸ್‌ಡಿಯನ್ನೇ ಒಯ್ದವರಿಗೆ ಎದುರಾಗುವುದಿಲ್ಲ. ಫಾಂಟು, ಕೀಲಿಮಣೆ ತಂತ್ರಾಂಶ, ಪುಟವಿನ್ಯಾಸದ ಮಾದರಿಗಳು ಎಲ್ಲವೂ ಜೊತೆಯಲ್ಲಿಯೇ ಬಂದಿರುತ್ತವೆ. ಕನ್ನಡದ ಗಣಕ ಬರವಣಿಗೆಗೆ ಧ್ವನಿಯನ್ನನುಸರಿಸುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ ‘ಸೇಡಿಯಾಪು’ ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಹಂಚಿದ ಕೆ. ಪಿ. ರಾವ್ ಅವರು ಮಣಿಪಾಲದ ವಿದ್ಯಾವಲಯದೊಡನೆ ಸಂಬಂಧವುಳ್ಳವರೆಂಬುದನ್ನು ಈ ನೆಲದ ಪ್ರಸ್ತಾವದಲ್ಲಿ ಸ್ಮರಿಸುವುದು ಉಚಿತ. ಸ್ಥಳಾಂತರ ಯಶಸ್ವಿಯಾದ ಮೇಲೂ, ಹಳೆಯ ಫಾಂಟಿನ ಕಡತಗಳನ್ನು ಕ್ರಮೇಣ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಅವು ಮುಂದೆ ಯಾವ ಯಂತ್ರದಲ್ಲಿಯೂ ಓದಲು ದೊರೆಯುತ್ತವೆ.

ಕರಾವಳಿಯ ಹವೆ: ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ಅದರಲ್ಲಿಯೂ ಮಲ್ಪೆ, ಕಾಪು ಮುಂತಾದ ಕಡಲತಡಿಯ ಊರುಗಳ ಉಪ್ಪುಗಾಳಿಯಲ್ಲಿ, ಗಣಕದ ಒಳಭಾಗಗಳಿಗೆ ತೇವವೇ ಮುಖ್ಯ ಶತ್ರು. ಒಣ ಹವೆಯ ಊರುಗಳಲ್ಲಿ ಭೀತಿ ಹುಟ್ಟಿಸುವ ಸ್ಥಿರವಿದ್ಯುತ್ತು ಇಲ್ಲಿ ಮಳೆಗಾಲದಲ್ಲಿ ಅಷ್ಟಾಗಿ ಕಾಡದಿದ್ದರೂ, ಕೆಲಸಕ್ಕೆ ಮುನ್ನ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟುವ ಪದ್ಧತಿಯನ್ನು ಬಿಡಲಾಗದು. ಹವಾನಿಯಂತ್ರಿತ ಪ್ರಯೋಗಾಲಯದಿಂದ ಆರ್ದ್ರವಾದ ಹೊರಗಾಳಿಗೆ ತಂದ ತಣ್ಣನೆಯ ಎಸ್‌ಎಸ್‌ಡಿಯ ಮೇಲೆ ನೀರಿನ ಹನಿ ಕಟ್ಟುವುದರಿಂದ, ಅದು ಕೋಣೆಯ ಶಾಖಕ್ಕೆ ಬರುವವರೆಗೆ ಜೋಡಿಸಬಾರದು. ಲ್ಯಾಪ್‌ಟಾಪಿಗೆ ತನ್ನ ಬ್ಯಾಟರಿಯ ಆಸರೆ ಇತ್ತು, ಡೆಸ್ಕ್‌ಟಾಪಿಗೆ ಇಲ್ಲ. ಮಳೆಗಾಲದಲ್ಲಿ ಕರೆಂಟು ಪದೇಪದೇ ಹೋಗುವಲ್ಲಿ ಬರವಣಿಗೆಯ ನಡುವೆ ವಿದ್ಯುತ್ತು ಕಡಿದರೆ ಎಸ್‌ಎಸ್‌ಡಿಯಲ್ಲಿನ ಕಡತಗಳು ಕೆಡಬಹುದಾದುದರಿಂದ, ಯುಪಿಎಸ್ ಇಲ್ಲಿ ಅವಶ್ಯ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವ ಮತ್ತು ಮನೆಯ ಅರ್ತಿಂಗ್ ಸರಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುವ ಅಭ್ಯಾಸ ಯಂತ್ರಕ್ಕೆ ರಕ್ಷೆ.

ಪರ್ಯಾಯ ಕ್ರಮಗಳು: ಎಸ್‌ಎಸ್‌ಡಿಯನ್ನೇ ಒಯ್ಯುವ ಬದಲು, ಅದರ ಯಥಾಪ್ರತಿಯನ್ನು ದೊಡ್ಡದೊಂದು ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ ಬಳಸುವುದು ಒಂದು ಮಾರ್ಗ, ಇದರಲ್ಲಿ ಮೂಲ ಪ್ರತಿ ಸುರಕ್ಷಿತವಾಗಿ ಉಳಿಯುವುದೇ ಗುಣ. ಹೊಸದಾಗಿ ವಿಂಡೋಸ್ ಹಾಕಿ ಕಡತಗಳನ್ನು ಮಾತ್ರ ನಕಲಿಸಿಕೊಳ್ಳುವುದು ಇನ್ನೊಂದು; ಹಳೆಯ ಡ್ರೈವರುಗಳ ಶೇಷವಿಲ್ಲದ ಸ್ವಚ್ಛ ವ್ಯವಸ್ಥೆ ಇದರಿಂದ ದೊರೆಯುವುದಾದರೂ, ಪ್ರತಿಯೊಂದು ತಂತ್ರಾಂಶವನ್ನೂ ಫಾಂಟನ್ನೂ ಮರಳಿ ಹೊಂದಿಸುವ ಶ್ರಮವನ್ನು ಒಪ್ಪಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದಲೂ, ವಿಂಡೋಸ್ 11 ಟಿಪಿಎಂ 2.0 ಇರುವ ಬೋರ್ಡನ್ನು ಬಯಸುವುದರಿಂದಲೂ, ಡೆಸ್ಕ್‌ಟಾಪು ಹಳೆಯದಾದಷ್ಟೂ ಲಿನಕ್ಸಿನ ಆಯ್ಕೆ ವಿಚಾರಾರ್ಹವಾಗುತ್ತದೆ.

ಅನಂತರದ ಹೊಣೆ: ಡೆಸ್ಕ್‌ಟಾಪು ಕೆಲವು ದಿನ ನಿರಾತಂಕವಾಗಿ ನಡೆದುದನ್ನು ಕಂಡ ಬಳಿಕವಷ್ಟೇ ಬ್ಯಾಕಪ್ ಪ್ರತಿಯನ್ನಾಗಲಿ ಹಳೆಯ ಲ್ಯಾಪ್‌ಟಾಪನ್ನಾಗಲಿ ವಿಲೇವಾರಿ ಮಾಡುವ ಯೋಚನೆ ತಕ್ಕುದು. ಉಬ್ಬಿದ ಬ್ಯಾಟರಿಯುಳ್ಳ ಲ್ಯಾಪ್‌ಟಾಪನ್ನು ಮನೆಯಲ್ಲಿಟ್ಟುಕೊಳ್ಳುವುದಾಗಲಿ ಗುಜರಿಗೆ ಎಸೆಯುವುದಾಗಲಿ ಅಪಾಯಕರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯದಂತೆ, ನೋಂದಾಯಿತ ಮರುಬಳಕೆದಾರರಿಗೆ ಅದನ್ನು ಒಪ್ಪಿಸಬೇಕು. ಎಸ್‌ಎಸ್‌ಡಿಯೇ ಶಾಶ್ವತ ಭಂಡಾರವೆಂಬ ಭಾವನೆಯೂ ಸಲ್ಲದು. ಬರವಣಿಗೆಯ ಮಿತಿಯನ್ನು ಮುಟ್ಟಿದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಬೇಕೆಂಬುದಷ್ಟೇ ಜೆಡೆಕ್ ಸಂಸ್ಥೆಯ ಮಾನದಂಡ; ಕರಾವಳಿಯ ಬೇಸಗೆಯ ಶಾಖ ಅದನ್ನು ಸುಲಭವಾಗಿ ಮೀರುತ್ತದೆ. ಆದುದರಿಂದ ಪ್ರಬಂಧ, ಕೈಬರಹದ ಸ್ಕ್ಯಾನ್ ಪ್ರತಿ, ಕುಟುಂಬದ ಛಾಯಾಚಿತ್ರ, ಅಂಗಡಿಯ ಲೆಕ್ಕ ಇವುಗಳಲ್ಲಿ ಯಾವುದೇ ಇರಲಿ, ಅದರ ಎರಡನೆಯ ಪ್ರತಿಯೊಂದು ಬೇರೊಂದು ಸಾಧನದಲ್ಲಿಯೂ ಮೂರನೆಯದು ಬೇರೊಂದು ಸ್ಥಳದಲ್ಲಿಯೂ ಇರುವಂತೆ ನೋಡಿಕೊಂಡವನು ಮಾತ್ರ, ಎಸ್‌ಎಸ್‌ಡಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ನಿಶ್ಚಿಂತೆಯಿಂದ ಸಾಗಿಸಬಲ್ಲನು.